ನೈಸಾ, ತರಿಯಾ? ಒಂದು ಇಂಗ್ಲಿಷ್ ಪದದ ಅರ್ಥಗಳ ಜಾಡಿನಲ್ಲಿ

ನಮ್ಮ ಬೀದಿಯ ಕೊನೆಯಲ್ಲಿರುವ ಹಿಟ್ಟಿನ ಗಿರಣಿಯಲ್ಲಿ ಡಬ್ಬಿ ಇಳಿಸಿದ ಕೂಡಲೇ ಕೇಳಿಬರುವ ಮೊದಲ ಪ್ರಶ್ನೆ ‘ನೈಸಾ, ತರಿಯಾ?’ ಎಂಬುದು. ರಾಗಿಯಾದರೆ ನೈಸು, ಗೋಧಿ ರವೆಯಾದರೆ ತರಿ, ಚಕ್ಕುಲಿಯ ಹಿಟ್ಟಾದರೆ ಮತ್ತೆ ನೈಸು. ಮನೆಯ ಅಡುಗೆಮನೆಯಲ್ಲಿಯೂ ಇದೇ ಮಾತು: ಇಡ್ಲಿಗೆ ಉದ್ದು ನೈಸಾಗಿರಬೇಕು, ಅಕ್ಕಿ ತರಿತರಿಯಾಗಿರಬೇಕು, ದೋಸೆಗಾದರೆ ಎರಡೂ ನೈಸಾಗಿರಬೇಕು. ಇಷ್ಟು ವರ್ಷ ಈ ಮಾತನ್ನು ಕೇಳುತ್ತ, ಆಡುತ್ತ ಬಂದಿದ್ದರೂ ಅದು ಇಂಗ್ಲಿಷಿನ ‘ನೈಸ್’ ಎಂಬ ಪದವೇ ಎಂದು ನಾನು ನಿಂತು ಯೋಚಿಸಿರಲಿಲ್ಲ. ಯೋಚಿಸುವ ಸಂದರ್ಭ ಬಂದದ್ದು, ಊರಿನ ಶಾಲೆಯೊಂದರ ಗ್ರಂಥಾಲಯಕ್ಕಾಗಿ ಎಂಟು ಪುಟಗಳ ಒಂದು ಚಿಕ್ಕ ಇಂಗ್ಲಿಷ್ ಮಕ್ಕಳ ಕತೆಯನ್ನು ಕನ್ನಡಕ್ಕೆ ತರಲು ಕುಳಿತಾಗ.

ಆ ಕತೆಯಲ್ಲಿ ‘ನೈಸ್’ ಎಂಬ ವಿಶೇಷಣ ಹನ್ನೊಂದು ಬಾರಿ ಬಂದಿತ್ತು. ಬೆಳಗು ನೈಸ್ ಆಗಿತ್ತು, ದಾರಿಯಲ್ಲಿ ಸಿಕ್ಕ ಮುದುಕಿ ನೈಸ್ ಆಗಿದ್ದಳು, ಅವಳು ಕೊಟ್ಟ ಹಣ್ಣು ನೈಸ್ ಆಗಿತ್ತು, ಅವಳ ಹಾಡು, ಅವಳ ಮನೆ, ಒಲೆಯ ಮುಂದಿನ ಮೂಲೆ ಎಲ್ಲವೂ ನೈಸ್ ಆಗಿದ್ದವು. ಮೊದಲ ಕರಡಿನಲ್ಲಿ ನಾನು ಹನ್ನೊಂದು ಕಡೆಯಲ್ಲಿಯೂ ‘ಒಳ್ಳೆಯ’ ಅಥವಾ ‘ಚೆನ್ನಾಗಿ’ ಎಂದು ಬರೆದು ಮುಗಿಸಿದೆ. ಆಮೇಲೆ ಜೋರಾಗಿ ಓದಿಕೊಂಡಾಗ, ಕತೆಯಲ್ಲಿದ್ದ ಹಣ್ಣಿಗೆ ರುಚಿಯಿಲ್ಲ, ಹಾಡಿಗೆ ದನಿಯಿಲ್ಲ, ಒಲೆಗೆ ಬಿಸಿಯಿಲ್ಲ ಎನ್ನಿಸಿತು. ತಪ್ಪೇನೂ ಇರಲಿಲ್ಲ, ಆದರೆ ಯಾವುದೂ ಕಾಣುತ್ತಿರಲಿಲ್ಲ. ಅಂದಿನಿಂದ ಈ ಪದದ ಬೆನ್ನು ಹತ್ತಿದೆ.

‘ನೈಸ್’ ಹುಟ್ಟಿದ್ದು ಲ್ಯಾಟಿನ್ನಿನ ‘ನೆಸ್ಕಿಯುಸ್’ ಎಂಬ ಪದದಿಂದ. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ತಿಳಿಯುವುದು. ಎರಡೂ ಸೇರಿದರೆ ತಿಳಿಯದವನು, ಅಜ್ಞ ಎಂದರ್ಥ. ಇದೇ ‘ಸ್ಕೀರೆ’ಯಿಂದ ‘ಸೈನ್ಸ್’ ಎಂಬ ಪದವೂ ಬಂದಿದೆ. ಸೈನ್ಸ್ ಮತ್ತು ನೈಸ್ ಒಂದೇ ಬೇರಿನ ಎರಡು ಕವಲುಗಳು, ಒಂದು ತಿಳಿವಿನ ಕಡೆಯದು, ಇನ್ನೊಂದು ತಿಳಿಗೇಡಿತನದ ಕಡೆಯದು. ಲ್ಯಾಟಿನ್ನಿನಿಂದ ಹಳೆಯ ಫ್ರೆಂಚಿಗೆ ಬಂದಾಗ ಅದರ ಅರ್ಥ ಪೆದ್ದ, ಸರಳ ಎಂದಿತ್ತು. ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗಲೂ ಯಾರನ್ನಾದರೂ ನೈಸ್ ಎಂದರೆ ಅದು ಬೈಗುಳವೇ ಆಗಿತ್ತು. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಈ ಪದವನ್ನು ಮೂರ್ಖ ಎಂಬ ಅರ್ಥದಲ್ಲಿ ಬಳಸಿದ್ದಾನೆ.

ಆಮೇಲಿನ ಮುನ್ನೂರು, ನಾನೂರು ವರ್ಷಗಳಲ್ಲಿ ಈ ಪದ ಹಿಡಿದ ದಾರಿ ನಿಜಕ್ಕೂ ಆಶ್ಚರ್ಯಕರ. ಪೆದ್ದನಿಂದ ಅದು ಲಂಪಟನ ಕಡೆಗೂ ಹೋಯಿತು, ನಾಚಿಕೆಯವನ ಕಡೆಗೂ ಹೋಯಿತು. ಅಲ್ಲಿಂದ ಎಲ್ಲದಕ್ಕೂ ಮೂಗು ಮುರಿಯುವವನು, ಅತಿ ಸೂಕ್ಷ್ಮದವನು ಎಂಬ ಅರ್ಥಕ್ಕೆ ಬಂತು. ಆ ಮೇಲೆ ಮನುಷ್ಯನನ್ನು ಬಿಟ್ಟು ವಸ್ತುವಿಗೆ, ವಿಷಯಕ್ಕೆ ಅಂಟಿಕೊಂಡು, ಕೂದಲೆಳೆಯಷ್ಟು ಸೂಕ್ಷ್ಮವಾದ, ಎಚ್ಚರದಿಂದ ಮುಟ್ಟಬೇಕಾದ ಎಂಬ ಅರ್ಥವನ್ನು ಪಡೆಯಿತು. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯಟ್’ ನಾಟಕದಲ್ಲಿ ರೋಮಿಯೋಗೆ ತಲುಪದೇ ಹೋದ ಆ ಪತ್ರದ ಬಗ್ಗೆ ಪಾದ್ರಿಯು, ಅದು ‘ನೈಸ್’ ಆದ ಪತ್ರವಲ್ಲ ಎಂದು ಕಳವಳಪಡುತ್ತಾನೆ. ಇಂದಿನ ಅರ್ಥ ಹಿಡಿದು ಓದಿದವರಿಗೆ ಅದು ಕೆಟ್ಟ ಪತ್ರ ಎಂಬಂತೆ ಕೇಳಿಸುತ್ತದೆ. ಅಲ್ಲಿನ ಅರ್ಥ ‘ಕ್ಷುಲ್ಲಕ’ ಎಂದು. ಅದು ಅಲ್ಪಸ್ವಲ್ಪದ ಪತ್ರವಲ್ಲ, ತುಂಬ ಮಹತ್ವದ ಸಂಗತಿ ಅದರಲ್ಲಿದೆ ಎನ್ನುವುದು ಪಾದ್ರಿಯ ಮಾತು.

1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ನಿಘಂಟನ್ನು ಪ್ರಕಟಿಸಿದಾಗ ಈ ಪದಕ್ಕೆ ಕೊಟ್ಟ ಅರ್ಥಗಳೆಲ್ಲ ನಿಷ್ಕೃಷ್ಟತೆಯ, ಸೂಕ್ಷ್ಮತೆಯ, ಅತಿ ಎಚ್ಚರದ ಸುತ್ತ ಇದ್ದವು. ಮನಸ್ಸಿಗೆ ಹಿತವಾದದ್ದು ಎಂಬ ಇಂದಿನ ಅರ್ಥ ಬಲಿತದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಒಮ್ಮೆ ಬಲಿತ ಮೇಲೆ ಅದು ಎಷ್ಟು ಬೇಗ ಹಬ್ಬಿತೆಂದರೆ, 1817ರ ಕೊನೆಯಲ್ಲಿ, ಲೇಖಕಿಯ ಮರಣಾನಂತರ ಹೊರಬಂದ ಜೇನ್ ಆಸ್ಟೆನಳ ‘ನಾರ್ದಾಂಗರ್ ಅಬಿ’ಯಲ್ಲಿ ಹೆನ್ರಿ ಎಂಬ ಪಾತ್ರವು ಈ ಪದದ ಅತಿಬಳಕೆಯನ್ನು ಎತ್ತಿ ಕುಟುಕುತ್ತದೆ: ಹವೆಯೂ ನೈಸ್, ನಡಿಗೆಯೂ ನೈಸ್, ಹುಡುಗಿಯರೂ ನೈಸ್, ಎಲ್ಲದಕ್ಕೂ ಆಗುವ ಪದ ಇದು, ಮೊದಲು ಇದಕ್ಕೆ ಅಚ್ಚುಕಟ್ಟು, ನವಿರು ಎಂಬ ಅರ್ಥವಿತ್ತು, ಈಗ ಯಾವ ಮೆಚ್ಚುಗೆಯೂ ಇದೊಂದರಲ್ಲೇ ಮುಗಿದುಹೋಗುತ್ತದೆ ಎಂಬುದು ಅವನ ಮಾತಿನ ತಿರುಳು. ಈ ಪದದಿಂದ ಬೇಸತ್ತವರು ಇನ್ನೂರು ವರ್ಷಗಳ ಹಿಂದೆಯೇ ಇದ್ದರೆಂದು ತಿಳಿದಾಗ ನನಗೆ ಒಂದಿಷ್ಟು ಸಮಾಧಾನವಾಯಿತು.

ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ನಮ್ಮ ದೇಶದ ನ್ಯಾಯಾಲಯಗಳ ಇಂಗ್ಲಿಷ್ ತೀರ್ಪುಗಳಲ್ಲಿ ‘ನೈಸ್ ಕ್ವೆಶ್ಚನ್ ಆಫ್ ಲಾ’ ಎಂಬ ಪ್ರಯೋಗವನ್ನು ಇಂದಿಗೂ ನೋಡಬಹುದು. ಅದನ್ನು ‘ಒಳ್ಳೆಯ ಕಾನೂನು ಪ್ರಶ್ನೆ’ ಎಂದು ಕನ್ನಡಿಸಿದರೆ ನ್ಯಾಯಾಧೀಶರು ವಕೀಲರನ್ನು ಶ್ಲಾಘಿಸಿದಂತಾಗುತ್ತದೆ. ಅಲ್ಲಿ ಹೇಳಿರುವುದು ಕಾನೂನಿನ ನವಿರಾದ, ಎರಡೂ ಕಡೆ ವಾಲಬಹುದಾದ ಸೂಕ್ಷ್ಮ ಪ್ರಶ್ನೆಯೊಂದು ಎದ್ದಿದೆ ಎಂದು. ‘ನೈಸಿಟಿ’ ಎಂಬ ನಾಮಪದದಲ್ಲಿಯೂ ಇದೇ ಹಳೆಯ ಅರ್ಥ ಉಳಿದಿದೆ. ಅದು ಒಳ್ಳೆಯತನವಲ್ಲ, ಸೂಕ್ಷ್ಮ ವಿವರ.

ಬೈಗುಳವೊಂದು ಮೆಚ್ಚುಗೆಯಾಗುವುದು ಇಂಗ್ಲಿಷಿಗಷ್ಟೇ ಒದಗಿದ ವಿಚಿತ್ರವೆಂದು ಮೊದಲು ಅಂದುಕೊಂಡಿದ್ದೆ. ಆದರೆ ನಾವು ದಿನವೂ ಬಳಸುವ ‘ಮುಗ್ಧ’ ಎಂಬ ಪದ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದು ಬಂದಿದೆ. ಸಂಸ್ಕೃತದ ‘ಮುಹ್’ ಎಂಬ ಧಾತುವಿಗೆ ದಿಕ್ಕುಗೆಡು, ಮತಿಗೆಡು ಎಂಬ ಅರ್ಥ. ಮೋಹ ಬಂದದ್ದು ಅದರಿಂದಲೇ. ಆ ಧಾತುವಿನ ಒಂದೇ ಬಗೆಯ ಕೃದಂತ ರೂಪಗಳು ಎರಡು, ಮೂಢ ಮತ್ತು ಮುಗ್ಧ. ಒಂದೇ ಮನೆಯಲ್ಲಿ ಹುಟ್ಟಿದ ಈ ಎರಡರಲ್ಲಿ ಮೂಢನು ಮೂಢನಾಗಿಯೇ ಉಳಿದ. ಮುಗ್ಧನು ತಿಳಿಗೇಡಿಯಿಂದ ಕಪಟವರಿಯದವನಾಗಿ, ಕಪಟವರಿಯದವನಿಂದ ಚೆಲುವನಾಗಿ ಬದಲಾದ. ಕಾವ್ಯಶಾಸ್ತ್ರದ ಮುಗ್ಧಾ ನಾಯಿಕೆಯಂತೂ ತನ್ನ ಅರಿಯದತನದಿಂದಲೇ ಆಕರ್ಷಕಳಾದವಳು. ‘ಮುಗ್ಧ ನಗು’ ಎಂದು ಬರೆಯುವಾಗ ನಾವು ಪೆದ್ದ ನಗು ಎಂದು ಭಾವಿಸುವುದಿಲ್ಲ. ಆದರೆ ‘ಮಂತ್ರಮುಗ್ಧ’ರಾದೆವು ಎನ್ನುವಾಗ ಪದದ ಮೂಲ ಸ್ವರೂಪ ಇಣುಕುತ್ತದೆ: ಅಲ್ಲಿ ನಾವು ನಿಷ್ಕಪಟಿಗಳಾಗಿರುವುದಿಲ್ಲ, ಮತಿ ಮರೆತು ಕುಳಿತಿರುತ್ತೇವೆ. ಕರಾವಳಿಯಲ್ಲಿ ‘ಅವನು ಪಾಪದವನು’ ಎಂದರೆ ಪಾಪಿಯಲ್ಲ, ಯಾರಿಗೂ ಕೇಡು ಬಗೆಯದ ಸಾಧು ಮನುಷ್ಯ. ಇನ್ನು ಇಂಗ್ಲಿಷಿನ ‘ಸಿಲ್ಲಿ’ ಎಂಬ ಪದ ಇದರ ತೀರ ಎದುರು ದಿಕ್ಕಿನಲ್ಲಿ ನಡೆದಿದೆ. ಧನ್ಯ, ಸುಖಿ ಎಂಬಲ್ಲಿಂದ ಹೊರಟು ಅಮಾಯಕ, ಅಯ್ಯೋ ಪಾಪ ಎಂಬಲ್ಲಿ ತಂಗಿ, ಪೆದ್ದ ಎಂಬಲ್ಲಿಗೆ ಬಂದು ನಿಂತಿದೆ. ನೈಸ್ ಹತ್ತಿದ ಮೆಟ್ಟಿಲುಗಳನ್ನು ಸಿಲ್ಲಿ ಇಳಿದಿದೆ.

ಷೇಕ್ಸ್‌ಪಿಯರನಿಂದ ಜಾನ್ಸನನವರೆಗಿನ ‘ನೈಸ್’ಗೆ ಕನ್ನಡದಲ್ಲಿ ಒಂದೇ ಒಂದು ಪದ ಹೇಳು ಎಂದರೆ ನಾನು ‘ನಾಜೂಕು’ ಎನ್ನುತ್ತೇನೆ. ಪಾರಸಿಯಿಂದ ಬಂದ ಈ ಪದವು ನಮ್ಮಲ್ಲಿ ಎಷ್ಟು ಕೆಲಸ ಮಾಡುತ್ತದೆಂದು ಗಮನಿಸಿ. ನಾಜೂಕಾದ ಕುಸುರಿ ಎಂದರೆ ಸೂಕ್ಷ್ಮವಾದದ್ದು. ನಾಜೂಕಿನ ವಿಷಯ ಎಂದರೆ ಎಚ್ಚರದಿಂದ ಮುಟ್ಟಬೇಕಾದದ್ದು. ನಾಜೂಕಾಗಿ ಹೇಳಿದ ಎಂದರೆ ನೋಯದಂತೆ ಹೇಳಿದ. ನಾಜೂಕಯ್ಯ ಎಂದರೆ ಕೆಸರು ತಾಗದಂತೆ ನಡೆಯುವ, ಊಟದಲ್ಲಿ ನೂರೆಂಟು ಕುಂದು ಹುಡುಕುವ ಆಸಾಮಿ. ಇಂಗ್ಲಿಷಿನ ಹಳೆಯ ನೈಸ್ ಇವಿಷ್ಟನ್ನೂ ಹೇಳುತ್ತಿತ್ತು. ಎರಡು ದೂರದ ಭಾಷೆಗಳಲ್ಲಿ ಎರಡು ಬೇರೆ ಬೇರೆ ಮೂಲದ ಪದಗಳು ಒಂದೇ ಅರ್ಥಗುಚ್ಛವನ್ನು ಕಟ್ಟಿಕೊಂಡದ್ದು ನನಗೆ ತುಂಬ ಇಷ್ಟವಾದ ಸಂಗತಿ.

ಈಗ ಗಿರಣಿಯ ಪ್ರಶ್ನೆಗೆ ಬರುತ್ತೇನೆ. ಇಂಗ್ಲಿಷಿನಿಂದ ನಾವು ಈ ಪದವನ್ನು ಎರವಲು ಪಡೆದ ಕಾಲಕ್ಕೆ ಅದರ ಮುಖ್ಯ ಅರ್ಥ ‘ಹಿತವಾದದ್ದು’ ಎಂದಾಗಿತ್ತು. ಆದರೆ ಆಡುಗನ್ನಡದಲ್ಲಿ ಬೇರುಬಿಟ್ಟ ‘ನೈಸು’ ಹಿತವಾದದ್ದಲ್ಲ, ನುಣುಪಾದದ್ದು. ಹಿಟ್ಟು ನೈಸು, ಬಟ್ಟೆ ನೈಸು, ಗಾರೆಯ ನೆಲ ನೈಸು. ಬಚ್ಚಲಿನ ಟೈಲ್ಸ್ ನೈಸಾಗಿದೆ, ಜಾರುತ್ತದೆ ಎಂದು ನಾವು ಎಚ್ಚರಿಸುವಾಗ ಅದರಲ್ಲಿ ಮೆಚ್ಚುಗೆಯ ಲವಲೇಶವೂ ಇಲ್ಲ. ನುಣುಪಿನಿಂದ ಮುಂದೆ ಜಾರುವಿಕೆ: ‘ಕೆಲಸದ ಹೊತ್ತಿಗೆ ನೈಸಾಗಿ ಜಾರಿಕೊಂಡ.’ ಜಾರುವಿಕೆಯಿಂದ ಜಾಣತನದ ವಂಚನೆ: ‘ನೈಸಾಗಿ ಮಾತಾಡಿ ದುಡ್ಡು ಕಿತ್ತುಕೊಂಡ.’ ಅಲ್ಲಿಂದ ಪುಸಲಾಯಿಸುವುದು: ‘ಅಜ್ಜನಿಗೆ ನೈಸ್ ಮಾಡಿ ಪೇಟೆಗೆ ಕರೆದುಕೊಂಡು ಹೋದ.’ ಇವು ಯಾವುದನ್ನೂ ಇಂಗ್ಲಿಷ್ ಮಾತನಾಡುವವನೊಬ್ಬನಿಗೆ ಅವನದೇ ಪದವೆಂದು ಹೇಳಿದರೆ ಸುಲಭಕ್ಕೆ ನಂಬಲಾರ.

ಈ ಅರ್ಥಗಳು ಎಲ್ಲಿಂದ ಬಂದವು? ನನ್ನ ಊಹೆಯೆಂದರೆ, ಅವು ಇಲ್ಲಿಯೇ ಇದ್ದವು. ಹೊಸ ಪದ ಬಂದು ಹಳೆಯ ಪೀಠದಲ್ಲಿ ಕುಳಿತಿತು. ಕನ್ನಡದ ‘ನುಣ್’ ಎಂಬುದರ ಸಂಸಾರವನ್ನು ನೋಡಿ. ನುಣ್ಣಗೆ ರುಬ್ಬುತ್ತೇವೆ, ನುಣ್ಣಗೆ ಬೋಳಿಸುತ್ತೇವೆ, ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ, ಹೊಣೆಯಿಂದ ನುಣುಚಿಕೊಳ್ಳುತ್ತೇವೆ. ನುಣುಪಾದದ್ದು ಕೈಗೆ ಸಿಗದೆ ಜಾರುತ್ತದೆ ಎಂಬ ಅನುಭವ ಆ ಪದಗಳೊಳಗೇ ಇದೆ. ಇದರ ಪಕ್ಕದಲ್ಲಿ ‘ನಯ’ವನ್ನು ಇಡಿ. ಸಂಸ್ಕೃತದಲ್ಲಿ ಅದು ‘ನೀ’, ಎಂದರೆ ಒಯ್ಯು, ನಡೆಸು ಎಂಬ ಧಾತುವಿನಿಂದ ಬಂದದ್ದು. ನೀತಿ, ನಾಯಕ, ವಿನಯ ಇವೆಲ್ಲ ಅದರ ಬಂಧುಗಳು. ಆದರೆ ಕನ್ನಡಿಗನು ರೇಷ್ಮೆಯ ನಯ, ಮಾತಿನ ನಯ ಎನ್ನುವಾಗ ಹೇಳುವುದು ಮುಟ್ಟಿದರೆ ತಿಳಿಯುವ ನುಣುಪನ್ನು. ಹಾಗೆಯೇ ನಯವಾಗಿ ಮಾತನಾಡಿ ಮೋಸ ಮಾಡುವವನಿಗೆ ‘ನಯವಂಚಕ’ ಎಂಬ ಹೆಸರು ನಮ್ಮಲ್ಲಿ ಮೊದಲಿನಿಂದ ಇದೆ. ನಯ ಮತ್ತು ನೈಸ್, ಎರಡೂ ಬಾಯಿಗೆ ಒಂದೇ ತೆರನಾಗಿ ಬರುವ ಪದಗಳು. ನಯವಾಗಿ ಎನ್ನುತ್ತಿದ್ದ ನಾಲಿಗೆ ನೈಸಾಗಿ ಎನ್ನಲು ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ, ಅರ್ಥವೂ ಅದರ ಜೊತೆಗೇ ಬಂದು ಸೇರಿಕೊಂಡಿತು. ‘ಬೆಣ್ಣೆ ಹಚ್ಚುವುದು’, ‘ಪೂಸಿ ಹೊಡೆಯುವುದು’ ಇವೂ ಸವರುವ, ನುಣುಪು ಮಾಡುವ ಮಾತುಗಳೇ. ನೈಸ್ ಮಾಡುವುದು ಅವುಗಳ ಪಂಕ್ತಿಯಲ್ಲಿ ಕುಳಿತಿದೆ. ಇದು ಊಹೆ ಮಾತ್ರ ಎಂದು ಮತ್ತೊಮ್ಮೆ ಹೇಳುತ್ತೇನೆ, ಆದರೆ ಈ ಊಹೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಅಂದ ಹಾಗೆ, ಬೆಂಗಳೂರಿನ ನೈಸ್ ರಸ್ತೆಗೂ ಇದಕ್ಕೂ ಸಂಬಂಧವಿಲ್ಲ. ಅದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಸಂಸ್ಥೆಯ ಹೆಸರಿನ ಮೊದಲಕ್ಷರಗಳು ಕೂಡಿ ಆದದ್ದು. ಫ್ರಾನ್ಸಿನ ನೀಸ್ ನಗರವೂ ಬೇರೆಯೇ. ಅದರ ಹೆಸರು ಗ್ರೀಕಿನಿಂದ ಬಂದದ್ದು.

ಹಾಗಾದರೆ ಹಿತವಾದದ್ದು ಎಂಬ ಅರ್ಥದ ನೈಸ್‌ಗೆ ನಮ್ಮಲ್ಲಿ ಏನಿದೆ? ಅದೇ ರೀತಿ ಎಲ್ಲದಕ್ಕೂ ಸಲ್ಲುವ ಪದವೆಂದರೆ ‘ಚೆನ್ನ’. ಚೆಲುವ ಎಂಬ ಅರ್ಥದ ಈ ಪದ ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವನಲ್ಲಿದೆ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನನಲ್ಲಿದೆ, ಕಿತ್ತೂರಿನ ಚೆನ್ನಮ್ಮನಲ್ಲಿದೆ. ಅಕ್ಕ ತನ್ನ ದೇವರನ್ನು ಚೆನ್ನ ಎಂದು ಕರೆದಾಗ ಅದು ಪೂರ್ಣ ಬೆಲೆಯ ಪದವಾಗಿತ್ತು. ಈಗ ‘ಚೆನ್ನಾಗಿದ್ದೀರಾ’ ಎಂಬುದು ಆರೋಗ್ಯದ ವಿಚಾರಣೆ, ‘ಚೆನ್ನಾಗಿ ಬೈದರು’ ಎಂಬುದು ಬೈಗುಳದ ಪ್ರಮಾಣ. ಸವೆದ ನಾಣ್ಯವೇ ಆದರೂ ಚಲಾವಣೆ ನಿಂತಿಲ್ಲ. ಒಳ್ಳೆಯ ಎಂಬುದೂ ಹೀಗೆಯೇ. ‘ಒಳ್ಳೆ ಫಜೀತಿ ಆಯಿತಲ್ಲ’ ಎಂದು ನಾವು ಅನ್ನುವಂತೆ ಇಂಗ್ಲಿಷಿನವರು ‘ನೈಸ್ ಮೆಸ್’ ಎನ್ನುತ್ತಾರೆ.

ಊರೂರಿಗೆ ಈ ಪದ ಬೇರೆಯಾಗುತ್ತದೆ. ಧಾರವಾಡದ ಕಡೆಯವರು ‘ಚಲೋ ಐತಿ’ ಎನ್ನುತ್ತಾರೆ, ಕುಂದಾಪುರದವರು ‘ಲಾಯ್ಕಿತ್ತ್’ ಎನ್ನುತ್ತಾರೆ. ಲಾಯಕ್ಕು ಎಂದರೆ ಅರ್ಹವಾದದ್ದು, ಅರಬ್ಬಿಯಿಂದ ಪಾರಸಿ, ಉರ್ದುಗಳ ಮೂಲಕ ಬಂದದ್ದು. ಎಲ್ಲ ಕಡೆಯೂ ಅರ್ಹತೆಯನ್ನು ಹೇಳುವ ಪದ ಕುಂದಾಪುರದಲ್ಲಿ ಮೀನಿನ ಸಾರಿನ ರುಚಿಯನ್ನೂ ಹೇಳುತ್ತದೆ. ಬೆಂಗಳೂರಿನ ಹುಡುಗರ ‘ಸಖತ್’ ಇನ್ನೂ ಸ್ವಾರಸ್ಯಕರವಾದದ್ದು. ಪಾರಸಿಯಲ್ಲಿ ಅದರ ಅರ್ಥ ಗಟ್ಟಿ, ಕಠಿಣ, ಉಗ್ರ. ಕಠಿಣದಿಂದ ‘ತುಂಬ’ ಎಂಬ ಅರ್ಥಕ್ಕೂ ಅಲ್ಲಿಂದ ‘ಅದ್ಭುತ’ ಎಂಬ ಅರ್ಥಕ್ಕೂ ಹಾರಿ, ಈಗ ಮೃದುವಾದ ಕೇಕನ್ನೂ ಸಖತ್ ಎನ್ನುವ ಮಟ್ಟಕ್ಕೆ ಬಂದಿದೆ. ಬೈಗುಳದಿಂದ ಮೆಚ್ಚುಗೆಗೆ ಬಂದ ನೈಸ್‌ನ ಕತೆ ನಮ್ಮ ಕಣ್ಣೆದುರಿನಲ್ಲೇ ಇನ್ನೊಂದು ಪದದಲ್ಲಿ ನಡೆಯುತ್ತಿದೆ.

ಆದರೆ ನನ್ನ ಹನ್ನೊಂದು ನೈಸ್‌ಗಳಿಗೆ ಬೇಕಾಗಿದ್ದದ್ದು ಇಂಥ ಒಟ್ಟಾರೆ ಪದಗಳಲ್ಲ. ಕನ್ನಡದ ನಿಜವಾದ ಸಿರಿ ಇರುವುದು, ಯಾವ ಇಂದ್ರಿಯಕ್ಕೆ ಹಿತವಾಯಿತೆಂದು ತಾನಾಗಿ ಹೇಳಿಬಿಡುವ ಪದಗಳಲ್ಲಿ. ಕಿವಿಗಾದರೆ ಇಂಪು, ಮೂಗಿಗಾದರೆ ಕಂಪು, ಮೈಗಾದರೆ ತಂಪು, ಬೆರಳ ತುದಿಗಾದರೆ ನುಣುಪು, ಹಸಿರು ತುಂಬಿದ ತೋಟವನ್ನು ಕಂಡ ಕಣ್ಣಿಗಾದರೆ ಸೊಂಪು. ಇನಿದಾದದ್ದು ಇಂಪು, ಕಮ್ಮಗಿರುವುದು ಕಂಪು, ತಣ್ಣಗಿರುವುದು ತಂಪು ಎಂದು ಒಂದೇ ಅಚ್ಚಿನಲ್ಲಿ ಭಾಷೆ ಇವನ್ನು ಎರಕ ಹೊಯ್ದಂತಿದೆ. ಹಾಡು ‘ಕಂಪಾಗಿತ್ತು’ ಎಂದು ಕವಿಯಲ್ಲದೆ ಬೇರೆ ಯಾರೂ ಹೇಳರು. ಇಂಗ್ಲಿಷಿನಲ್ಲಿ ನೈಸ್ ಎಂಬುದಕ್ಕೆ ಪರ್ಯಾಯವಾಗಿ ಹೇಳುವ ಪ್ಲೆಸಂಟ್, ಅಗ್ರೀಬಲ್, ಡಿಲೈಟ್‌ಫುಲ್, ಲವ್ಲಿ ಇವು ಹಿತದ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡುತ್ತವೆ. ಇಂಪು, ಕಂಪುಗಳು ಹಿತದ ವಿಳಾಸವನ್ನೇ ಹೇಳುತ್ತವೆ. ಇವಕ್ಕೆ ಸೊಗಸನ್ನು ಸೇರಿಸಿದರೆ ಇನ್ನೊಂದು ಬಗೆಯ ಅರ್ಥ ದೊರೆಯುತ್ತದೆ. ಸುಖ ಎಂಬುದರ ತದ್ಭವ ಸೊಗ; ಸೊಗಸಿನಲ್ಲಿ ಚೆಲುವೂ ಇದೆ, ಅದನ್ನು ಕಂಡವನ ಸುಖವೂ ಇದೆ.

ಮುದುಕಿಯ ವಿಷಯದಲ್ಲಿ ಮಾತ್ರ ನಾನು ಎರಡು ದಿನ ತಡೆದೆ. ಇಂಗ್ಲಿಷಿನಲ್ಲಿ ನೈಸ್ ಎನ್ನಿಸಿಕೊಂಡವರೆಲ್ಲ ‘ಕೈಂಡ್’ ಆಗಿರಬೇಕೆಂದಿಲ್ಲ. ಮೊದಲನೆಯದು ನಡತೆಯ ಮಾತು, ಎರಡನೆಯದು ಒಳಗಿನ ಮಾತು. ನಯ ಮತ್ತು ದಯೆಗಳ ನಡುವೆ ಇರುವ ಅಂತರ ಇದೇ. ಅವಳು ಗೊತ್ತಿಲ್ಲದ ಹುಡುಗನನ್ನು ಚಳಿಯಲ್ಲಿ ಒಳಗೆ ಕರೆದು, ತನಗಿದ್ದ ಒಂದೇ ಹಣ್ಣನ್ನು ಕೊಟ್ಟವಳು. ಅವಳನ್ನು ಒಳ್ಳೆಯವಳು ಎಂದರೆ ಕಡಿಮೆಯಾಗುತ್ತಿತ್ತು, ಕರುಣಾಮಯಿ ಎಂದರೆ ಎಂಟು ವರ್ಷದ ಓದುಗನಿಗೆ ಭಾರವಾಗುತ್ತಿತ್ತು, ನಯವಾದವಳು ಎಂದರೆ ಅನುಮಾನಕ್ಕೆ ಎಡೆಯಾಗುತ್ತಿತ್ತು. ಕೊನೆಗೆ ‘ಅಕ್ಕರೆಯ ಅಜ್ಜಿ’ ಎಂದು ಬರೆದೆ. ಬೆಳಗು ‘ಹಿತವಾದ ಎಳೆಬಿಸಿಲಿನ ಬೆಳಗು’ ಆಯಿತು, ಹಾಡು ಇಂಪಾಯಿತು, ಮನೆ ಚೊಕ್ಕವಾಯಿತು, ಹಣ್ಣು ರಸ ಸೋರುವಷ್ಟು ಕಳಿತದ್ದಾಯಿತು, ಒಲೆಯ ಮುಂದಿನ ಮೂಲೆ ಬೆಚ್ಚಗಾಯಿತು. ಅಲ್ಲಿನ ಕಂಬಳಿಗೆ ‘ನುಣುಪಾದ’ ಎಂದು ಬರೆದು, ಕಂಬಳಿ ನುಣುಪಾಗಿರುವುದೇ ಇಲ್ಲವೆಂದು ನೆನಪಾಗಿ, ‘ಮೆತ್ತನೆಯ’ ಎಂದು ತಿದ್ದಿದೆ.

ಹನ್ನೊಂದನೆಯ ನೈಸ್ ಕತೆಯ ಕೊನೆಯ ಸಾಲಿನಲ್ಲಿತ್ತು. ಹುಡುಗ ಮನೆಗೆ ಮರಳಿ ಹಾಸಿಗೆಯಲ್ಲಿ ಮಲಗಿದ್ದಾನೆ, ಕಣ್ಣು ಮುಚ್ಚಿ ಬರುತ್ತಿದೆ, ದಿನ ಹೇಗಿತ್ತೆಂದು ತಾಯಿ ಕೇಳುತ್ತಾಳೆ, ಅವನು ಆ ಒಂದೇ ಪದ ಹೇಳಿ ನಿದ್ದೆಹೋಗುತ್ತಾನೆ. ಅದಕ್ಕೂ ಇಂಪು, ಸೊಂಪು, ಸೊಗಸುಗಳನ್ನೆಲ್ಲ ಹಚ್ಚಿ ನೋಡಿದೆ. ಯಾವುದೂ ಆ ಹುಡುಗನ ಬಾಯಿಯ ಮಾತಾಗಲಿಲ್ಲ. ನಿದ್ದೆಗಣ್ಣಿನ ಮಗುವೊಂದು ನಮ್ಮ ಮನೆಗಳಲ್ಲಿ ಏನು ಹೇಳುತ್ತದೆಯೋ ಅದನ್ನೇ ಅಲ್ಲಿ ಬರೆದು ಕರಡನ್ನು ಶಾಲೆಗೆ ಕಳುಹಿಸಿದೆ: ‘ಚೆನ್ನಾಗಿತ್ತು.’